ಲಾರಿಯ ಸೊಂಟ

ನಮ್ಮ ಮನೆಯಲ್ಲಿ ಒಂದು ಹಳೆಯ ಲಾರಿ ಇದೆ. ಜನಗಣತಿಯವರು ಬಂದಾಗ ಅದನ್ನು ಲೆಕ್ಕಕ್ಕೆ ಬರೆಸುವುದಿಲ್ಲವಾದರೂ, ಮನಸ್ಸಿನಲ್ಲಿ ಮಾತ್ರ ಅದನ್ನು ಮನೆಯ ದುಡಿಯುವ ಆಳುಗಳಲ್ಲಿ ಒಬ್ಬನೆಂದೇ ಎಣಿಸಿಕೊಂಡಿದ್ದೇವೆ. ಆ ಆಳಿನ ಸೊಂಟ ಬಿದ್ದ ಕಥೆಯನ್ನೂ, ಅದನ್ನು ಮರಳಿ ಎತ್ತಿ ನಿಲ್ಲಿಸಿದ ಬಗೆಯನ್ನೂ ವಾಚಕರ ಮುಂದಿಡಬೇಕೆಂದು ಹೊರಟಿದ್ದೇವೆ. ಲಾರಿಯಿಲ್ಲದ ಮನೆಯವರಿಗೆ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಭಾರ ಹೊರುವವರಿಲ್ಲದ ಮನೆಯುಂಟೆ?

ಚಿಕ್ಕಬಳ್ಳಾಪುರಕ್ಕೆ ಸಮೀಪದ ಕಳವಾರ ನಮ್ಮ ಊರು. ಊರಿನ ಹಿಂದೆ ಸ್ಕಂದಗಿರಿ ನಿಂತಿದೆ. ಹಿರಿಯರು ಅದನ್ನು ಇಂದಿಗೂ ಕಳವಾರದ ಬೆಟ್ಟವೆಂದೇ ಕರೆಯುವರು. ಬೆಟ್ಟದ ನೆತ್ತಿಯ ಪಾಳುಗೋಟೆಯನ್ನೂ ಮುಂಜಾವದ ಮಂಜನ್ನೂ ನೋಡುವುದಕ್ಕಾಗಿ ಬೆಂಗಳೂರಿನ ತರುಣರು ನಡುರಾತ್ರಿಯಲ್ಲಿ ಬಂದಿಳಿಯುತ್ತಾರೆ. ಅದೇ ಹೊತ್ತಿಗೆ ನಮ್ಮ ಊರಿನವರು ದ್ರಾಕ್ಷಿಯ ಕ್ರೇಟುಗಳನ್ನೂ ಸೇವಂತಿಗೆಯ ಮೂಟೆಗಳನ್ನೂ ಕೋಸಿನ ಚೀಲಗಳನ್ನೂ ಬಂಡಿಗೆ ಏರಿಸುತ್ತಿರುತ್ತಾರೆ. ಬೆಟ್ಟ ಹತ್ತುವವರೂ ಪೇಟೆಗೆ ಇಳಿಯುವವರೂ ದಾರಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಹೋಗುವುದು ಇಲ್ಲಿಯ ವಾಡಿಕೆ.

ನಮ್ಮ ಲಾರಿ ದೊಡ್ಡದೇನೂ ಅಲ್ಲ. 1986ರಲ್ಲಿ ಟಾಟಾದವರು ಮೊದಲು ಹೊರತಂದ, ಜನರ ಬಾಯಲ್ಲಿ ‘ಫೋರ್ ನಾಟ್ ಸೆವೆನ್’ ಎಂದೇ ನೆಲೆಗೊಂಡಿರುವ ಜಾತಿಯದು. ನಮ್ಮ ತಂದೆಯವರು ಇದನ್ನು 1999ರಲ್ಲಿ ಇನ್ನೊಬ್ಬರಿಂದ ಕೊಂಡರು. 2018ರಲ್ಲಿ ಅವರು ತೀರಿಕೊಂಡ ಮೇಲೆ ಲಾರಿಯ ಚಕ್ರ ನಮ್ಮ ತಮ್ಮನ ಕೈಗೆ ಬಂದಿತು. ನಾವು ಊರು ಬಿಟ್ಟು ಹೈಸ್ಕೂಲಿನಲ್ಲಿ ಪಾಠ ಹೇಳುವ ವೃತ್ತಿಯವರಾದುದರಿಂದ, ಲಾರಿಯ ವಿಷಯದಲ್ಲಿ ನಮಗೆ ಇದ್ದ ಅಧಿಕಾರವು ಉಪದೇಶ ಮಾಡುವುದಷ್ಟೆ.

2022ರ ಸಂಕ್ರಾಂತಿಯ ಹಬ್ಬಕ್ಕೆ ನಾವು ಊರಿಗೆ ಹೋಗಿದ್ದೆವು. ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ನಮ್ಮ ತಾಯಿಯವರು ಎಳ್ಳು ಹಸನು ಮಾಡುತ್ತ, ಕಣದಲ್ಲಿ ನಿಂತಿದ್ದ ಲಾರಿಯ ಕಡೆಗೆ ಗಲ್ಲವೆತ್ತಿ, “ಅದರ ಸೊಂಟ ಬಿದ್ದಿದೆ ಕಣಪ್ಪ, ನೋಡು” ಎಂದರು. ನೋಡಿದೆವು. ಹೌದು; ಬರಿಯ ಲಾರಿಯೇ ಹಿಂಭಾಗದಲ್ಲಿ ಎಡಕ್ಕೆ ವಾಲಿ, ಒಂದು ಕಾಲು ಸೋತ ಎಮ್ಮೆಯಂತೆ ನಿಂತಿತ್ತು.

“ಅದಕ್ಕೇನು ದೊಡ್ಡ ಮಾತು ಅಣ್ಣ? ಎರಡು ಕಡೆಗೂ ಎರಡೆರಡು ಬ್ಲೇಡು ಹೆಚ್ಚಿಗೆ ಹಾಕಿಸಿದರೆ ಎದ್ದು ನಿಲ್ಲುತ್ತದೆ” ಎಂದ ತಮ್ಮ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ತಡೆದು ತಡೆದು, ಕಲ್ಲಿನ ಗುತ್ತಿಗೆದಾರನೊಬ್ಬನು ಸೈಜುಗಲ್ಲು ಸಾಗಿಸುವ ಕೆಲಸ ಕೊಡುವೆನೆಂದು ಕರೆದಿರುವನೆಂದೂ, ಬ್ಲೇಡು ಹಾಕಿಸಿಕೊಂಡರೆ ಒಂದೊಂದು ಸಲಕ್ಕೆ ಈಗಿನ ಎರಡರಷ್ಟು ಹೇರಬಹುದೆಂದೂ ಹೇಳಿದನು. ಅವನ ಅವಸರಕ್ಕೆ ಕಾರಣವಿತ್ತು. 2021ರ ನವೆಂಬರಿನಲ್ಲಿ ಹಗಲಿರುಳು ಸುರಿದ ಮಳೆಗೆ ನಮ್ಮ ಸೀಮೆಯ ತೋಟಗಳು ನೀರಿನಲ್ಲಿ ನಿಂತುಹೋದವು. ನಮ್ಮ ದ್ರಾಕ್ಷಿ ಬಳ್ಳಿಯಲ್ಲೇ ಒಡೆದು ಕೊಳೆಯಿತು. ತೋಟಕ್ಕೆಂದು ಮಾಡಿದ್ದ ಸಾಲ ಮಾತ್ರ ಕೊಳೆಯದೆ ಉಳಿಯಿತು.

ಇಲ್ಲಿ ಲಾರಿಯ ಸೊಂಟವೆಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಿರಿಯರ ಎತ್ತಿನ ಬಂಡಿಯಲ್ಲಿ ಹೊರೆಯು ನೇರವಾಗಿ ಅಚ್ಚಿನ ಮೇಲೆ ಕುಳಿತಿರುತ್ತಿತ್ತು. ಗಾಲಿಗೆ ಬಿದ್ದ ಪೆಟ್ಟು ಕುಳಿತವರ ಬೆನ್ನಿಗೂ ಬೀಳುತ್ತಿತ್ತು. ಜಟಕಾ ಗಾಡಿಗೆ ಕಮಾನು ಬಂದಿತು. ಮೋಟಾರು ಲಾರಿಯಲ್ಲಿರುವುದೂ ಅದೇ ಕಮಾನು, ಆದರೆ ಇನ್ನಷ್ಟು ದಪ್ಪನಾದದ್ದು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು, ಉದ್ದನೆಯದರ ಕೆಳಗೆ ಗಿಡ್ಡನೆಯದು, ಅದರ ಕೆಳಗೆ ಇನ್ನೂ ಗಿಡ್ಡನೆಯದು ಎಂಬ ಕ್ರಮದಲ್ಲಿ ಒಂದರ ಮೈಗೆ ಒಂದನ್ನು ಒತ್ತಿ, ನಡುವೆ ರಂಧ್ರ ಕೊರೆದು ಒಂದು ಬೋಲ್ಟಿನಿಂದ ಬಿಗಿದಿರುತ್ತಾರೆ. ಈ ಪಟ್ಟಿಗಳನ್ನೇ ನಮ್ಮ ಕಡೆ ಬ್ಲೇಡುಗಳೆನ್ನುವರು. ಎಲ್ಲಕ್ಕೂ ಮೇಲಿನ ಮೇನ್ ಬ್ಲೇಡಿನ ಎರಡು ತುದಿಗಳನ್ನೂ ಸುರುಳಿ ಸುತ್ತಿ ಕಣ್ಣು ಮಾಡಿರುತ್ತದೆ. ಒಂದು ಕಣ್ಣು ಚಾಸಿಗೆ ಕದಲದಂತೆ ಸೇರಿದರೆ, ಇನ್ನೊಂದು ಕಣ್ಣು ಶಾಕಲ್ ಎಂಬ ತೂಗುಕೊಂಡಿಯಲ್ಲಿ ನೇತಾಡುತ್ತದೆ. ಏಕೆಂದರೆ ಭಾರ ಬಿದ್ದು ಬಿಲ್ಲು ಚಪ್ಪಟೆಯಾದಾಗ ಅದರ ತುದಿಗಳು ಅಗಲಕ್ಕೆ ಸರಿಯಬೇಕಷ್ಟೆ. ನಡುವನ್ನು ಯೂ ಆಕಾರದ ಬೋಲ್ಟುಗಳಿಂದ ಅಚ್ಚಿಗೆ ಬಿಗಿದಿರುತ್ತಾರೆ.

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ಪಂಡಿತನು 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಾವು ವರ್ಷವರ್ಷವೂ ಮಕ್ಕಳಿಗೆ ಬೋಧಿಸುತ್ತೇವೆ: ಭಾರ ಎಷ್ಟೋ ಬಾಗುವಿಕೆಯೂ ಅಷ್ಟು, ಭಾರ ತೆಗೆದರೆ ಕಮಾನು ತನ್ನ ಮೊದಲ ರೂಪಕ್ಕೆ ಮರಳುತ್ತದೆ. ಆದರೆ ಇದಕ್ಕೊಂದು ಮೇರೆಯಿದೆ. ಆ ಮೇರೆಯನ್ನು ದಾಟಿ ಹೇರಿದರೆ ಉಕ್ಕು ಬಗ್ಗಿದಲ್ಲಿಯೇ ನಿಂತುಬಿಡುತ್ತದೆ. ಹಾಗೆ ಸ್ವಲ್ಪ ಸ್ವಲ್ಪವಾಗಿ ನಿಂತುಬಿಟ್ಟುದೇ ಸೊಂಟ ಬೀಳುವುದು. ತುಕ್ಕು ಇದಕ್ಕೆ ನೆರವಾಗುತ್ತದೆ. ಬ್ಲೇಡಿನ ಬಿಗುಪು ಅದರ ದಪ್ಪದ ಘನವನ್ನು ಅನುಸರಿಸುವುದರಿಂದ, 10 ಮಿಲಿಮೀಟರು ದಪ್ಪದ ಬ್ಲೇಡು ಸವೆದು 9 ಮಿಲಿಮೀಟರಾದರೆ ಬಿಗುಪಿನಲ್ಲಿ ನೂರಕ್ಕೆ 27 ಪಾಲು ಹೋದಂತೆಯೇ ಸರಿ. ಸೊಂಟ ಬಿದ್ದ ಲಾರಿಯ ಮೂತಿ ಮೇಲೇಳುತ್ತದೆ. ದೀಪದ ಬೆಳಕು ರಸ್ತೆಯನ್ನು ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಒಂದೇ ಕಡೆ ಕುಸಿದಿದ್ದರೆ ತಿರುವಿನಲ್ಲಿ ಹೊರೆಯೆಲ್ಲ ಆ ಕಡೆಗೆ ಜಗ್ಗುತ್ತದೆ.

ಮಾರನೆಯ ದಿನ ಲಾರಿಯನ್ನು ಅಳೆದೆವು. ಇದನ್ನು ಯಾರು ಬೇಕಾದರೂ ಮಾಡಬಹುದು. ನೆಲ ಸಮತಟ್ಟಾಗಿರಬೇಕು, ಲಾರಿ ಬರಿದಾಗಿರಬೇಕು, ಟೈರುಗಳ ಗಾಳಿ ಎರಡು ಕಡೆಯೂ ಸಮನಾಗಿರಬೇಕು. ಅಚ್ಚಿನಿಂದ ಚಾಸಿಯವರೆಗಿನ ಎತ್ತರವನ್ನು ಎರಡು ಕಡೆಯೂ ಅಳೆದು ಬರೆದಿಟ್ಟುಕೊಳ್ಳಬೇಕು. ನಮ್ಮ ಲಾರಿಯ ಎಡಭಾಗ ಬಲಭಾಗಕ್ಕಿಂತ ಎರಡು ಅಂಗುಲ ತಗ್ಗಾಗಿತ್ತು. ಬಲದ ಕಮಾನು ಸಹ ಬಿಲ್ಲಿನ ಆಕಾರವನ್ನು ಕಳೆದುಕೊಂಡು ಹಲಗೆಯಂತಾಗಿತ್ತು.

ಪೇಟೆಯ ಒಂದು ಗ್ಯಾರೇಜಿನವರು ತಮ್ಮನ ಮಾತನ್ನೇ ಹೇಳಿದರು: ಎರಡೆರಡು ಬ್ಲೇಡು ಹೆಚ್ಚಿಗೆ ಹಾಕಿ, ಉದ್ದನೆಯ ಶಾಕಲ್ ಜೋಡಿಸಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುವುದು, ಖರ್ಚೂ ಕಡಿಮೆ. ತಮ್ಮನಿಗೆ ಇದು ಒಪ್ಪಿಗೆಯಾಯಿತು. ನಾವು ಅಡ್ಡ ಬಂದೆವು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಮಿತಿಮೀರಿದ ಹೊರೆಗೆ 20,000 ರೂಪಾಯಿ ದಂಡವನ್ನೂ, ಹೆಚ್ಚಿದ ಒಂದೊಂದು ಟನ್ನಿಗೆ ಮತ್ತೆ 2,000 ರೂಪಾಯಿಯನ್ನೂ ಗೊತ್ತುಮಾಡಿದೆಯೆಂದು ಹೇಳಿದೆವು. ಅಮೆರಿಕೆಯ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ನಡೆಸಿದ ರಸ್ತೆಯ ಪರೀಕ್ಷೆಯನ್ನೂ ಎತ್ತಿದೆವು: ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರರಷ್ಟಾಗುವುದೆಂದು ಅದರಿಂದ ತಿಳಿದುಬಂದಿತು. ತಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದನು.

ಉತ್ತರ ಕೊಟ್ಟವರು ತಾಯಿಯವರು. “ನೀನು ಹೇಳುವುದೆಲ್ಲ ಸರಿಯಪ್ಪ. ಹೊರಬೇಡ ಎನ್ನುವುದು ಸುಲಭ. ಸಾಲದವರು ಬಾಗಿಲಿಗೆ ಬಂದಾಗ ನೀನು ಊರಲ್ಲಿ ಇರುವುದಿಲ್ಲ, ಇವನು ಇರುತ್ತಾನೆ” ಎಂದರು.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅಂತೂ, ಬ್ಲೇಡು ಹೆಚ್ಚಿಸುವುದಾದರೂ ಒಮ್ಮೆ ಬಲ್ಲವರಿಗೆ ತೋರಿಸಿ ಆಮೇಲೆ ಮಾಡೋಣವೆಂದು ತೀರ್ಮಾನವಾಗಿ, ತಂದೆಯವರ ಕಾಲದಿಂದ ಪರಿಚಯವಿದ್ದ ಒಬ್ಬ ವೃದ್ಧ ಸಾಹೇಬರ ಬಳಿಗೆ ಲಾರಿಯನ್ನು ಒಯ್ದೆವು. ಅವರು ಐವತ್ತು ವರ್ಷಗಳಿಂದ ಕಮಾನಿನ ಕೆಲಸವೊಂದನ್ನೇ ಮಾಡಿಕೊಂಡು ಬಂದವರು. ಹಿಂದೆ ಎಷ್ಟು ತಗ್ಗಾಗಿದೆಯೆಂದು ನಾವು ಬರೆದಿಟ್ಟಿದ್ದ ಚೀಟಿಯನ್ನು ಓದಿಸಿಕೇಳಿ, “ಮೇಷ್ಟ್ರೆ, ಎತ್ತರ ಬೇರೆ, ಬಲ ಬೇರೆ. ನಿಮಗೆ ಯಾವುದು ಬೇಕು?” ಎಂದು ಕೇಳಿದರು.

ಅವರು ಅರ್ಥವನ್ನು ಬಿಡಿಸಿ ಹೇಳಿದರು. ಉದ್ದನೆಯ ಶಾಕಲ್ ಹಾಕಿದರೆ, ಇಲ್ಲವೆ ಅಚ್ಚಿಗೂ ಕಮಾನಿಗೂ ನಡುವೆ ದಿಮ್ಮಿ ಕೊಟ್ಟರೆ, ಲಾರಿ ಎತ್ತರವಾಗಿ ಕಾಣುವುದು. ಸೋತ ಉಕ್ಕು ಮಾತ್ರ ಸೋತೇ ಇರುವುದು. ಹಳೆಯ ಬ್ಲೇಡನ್ನು ಮತ್ತೆ ಬಾಗಿಸಿದರೆ ಬಿಲ್ಲಿನ ಆಕಾರ ಬರುವುದು, ಆದರೆ ಸವೆದ ದಪ್ಪ ಮರಳಿ ಬಾರದು. ಬ್ಲೇಡು ಹೆಚ್ಚಿಸಿದರೆ ಕಮಾನು ಬಿಗಿಯಾಗುವುದು. ಆದರೆ ಅಚ್ಚು, ಬ್ರೇಕು, ಟೈರು, ಚಾಸಿ ಇವು ಮೊದಲಿದ್ದಷ್ಟೇ ಇರುವುವು. ಆರ್.ಸಿ.ಯಲ್ಲಿ ಬರೆದ ತೂಕವೂ ಬ್ಲೇಡಿನೊಂದಿಗೆ ಬೆಳೆಯುವುದಿಲ್ಲ. ಎಲ್ಲಕ್ಕೂ ಉತ್ತಮವಾದುದು ಎರಡು ಕಡೆಗೂ ಹೊಸ ಸೆಟ್ಟು; ಕೈಯಲ್ಲಿ ಅಷ್ಟು ಹಣವಿಲ್ಲದವರು ಬಿಚ್ಚಿ ನೋಡಿ, ಕೆಟ್ಟುದನ್ನು ಬದಲಾಯಿಸಿ, ಒಳ್ಳೆಯದನ್ನು ಬಾಗಿಸಿಕೊಳ್ಳಬೇಕು.

ಬಿಚ್ಚುವ ಕೆಲಸ ಪ್ರಾರಂಭವಾಯಿತು. ಲಾರಿಯನ್ನು ಜಾಕಿನ ಮೇಲೆ ಎತ್ತಿ, ಚಾಸಿಯ ಕೆಳಗೆ ದಪ್ಪ ಮರದ ಕೊರಡುಗಳನ್ನು ಅಡುಕಿದ ಮೇಲಲ್ಲದೆ ಸಾಹೇಬರು ಯಾರನ್ನೂ ಅಡಿಗೆ ನುಗ್ಗಗೊಡಲಿಲ್ಲ. ಬರಿಯ ಜಾಕನ್ನು ನಂಬಿ ಲಾರಿಯ ಕೆಳಗೆ ಮಲಗಿದವರ ಮನೆಗಳಿಗೆ ಸಾಂತ್ವನ ಹೇಳಲು ತಾವು ಹೋಗಿ ಬಂದಿರುವುದಾಗಿ ತಿಳಿಸಿದರು. ನಡುವಿನ ಬೋಲ್ಟನ್ನು ಕಳಚುವ ಮೊದಲು ಬ್ಲೇಡುಗಳನ್ನೆಲ್ಲ ಇಕ್ಕಳದಲ್ಲಿ ಬಿಗಿಹಿಡಿದರು. ಒತ್ತಿ ಸೇರಿಸಿದ ಉಕ್ಕು ಒಮ್ಮೆಗೇ ಸಿಡಿದು ಬಿಚ್ಚಿಕೊಂಡರೆ ಕೈಬೆರಳುಗಳು ಉಳಿಯವು.

ಎಡದ ಕಮಾನು ಬಿಚ್ಚಿಕೊಂಡಾಗ ಮೂರನೆಯ ಬ್ಲೇಡು ಎರಡು ತುಂಡಾಗಿ ನೆಲಕ್ಕೆ ಬಿದ್ದಿತು. ಬೋಲ್ಟಿನ ರಂಧ್ರದ ಬಳಿ ಎಂದೋ ಮುರಿದಿದ್ದುದು, ಮುರಿದ ಮೈಗೂ ತುಕ್ಕು ಹಿಡಿದಿತ್ತು. ಅಕ್ಕಪಕ್ಕದವರು ಬಿಗಿಯಾಗಿ ಹಿಡಿದುಕೊಂಡಿದ್ದುದರಿಂದ ಹೊರಗಿನವರಿಗೆ ಅದು ತಿಳಿದಿರಲಿಲ್ಲ. ಅದರ ಕೆಳಗಿನ ಬ್ಲೇಡನ್ನು ಸಾಹೇಬರು ಎತ್ತಿ, ತಿರುಗಿಸಿ ನೋಡಿ, “ಇದು ಈ ಗಾಡಿಯದಲ್ಲ” ಎಂದರು. ಅದು ಯಾವುದೋ ದೊಡ್ಡ ಲಾರಿಯ ಬ್ಲೇಡು. ಉದ್ದವನ್ನು ಕತ್ತರಿಸಿ ಇಲ್ಲಿಗೆ ಹೊಂದಿಸಿತ್ತು. ಮಿಕ್ಕವುಗಳಿಗಿಂತ ದಪ್ಪ, ಮಿಕ್ಕವುಗಳಿಗಿಂತ ಹೆಚ್ಚು ಬಾಗು. ಬಾಗು ಹೊಂದದ ಬ್ಲೇಡು ತನ್ನ ಪಾಲಿನ ಭಾರವನ್ನು ಹೊರುವುದಲ್ಲದೆ ನೆರೆಯದರ ಮೇಲೂ ಒತ್ತಡ ಹಾಕುತ್ತದೆಯೆಂದು ಅವರು ತೋರಿಸಿದರು. ಬಲಗಡೆಯಲ್ಲಿಯೂ ಅಂತಹುದೇ ಒಂದು ಬ್ಲೇಡು ಸಿಕ್ಕಿತು.

ಆಮೇಲೆ ಅವರು ದೀಪ ಹಿಡಿದು ಚಾಸಿಯನ್ನು ನೋಡಿದರು. ಕಮಾನಿನ ಮುಂದಿನ ಕಣ್ಣು ಸೇರುವೆಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಒಂದು ಗೇಣುದ್ದ ಓಡಿತ್ತು. “ಕಮಾನು ಬಗ್ಗಲಿಲ್ಲ, ಅದಕ್ಕೆ ಇದು ಸೀಳಿತು” ಎಂದರು. ತಮ್ಮನು ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಹಾಗೆಯೇ ಕುಳಿತಿದ್ದನು. ಅದೇ ಲಾರಿಯಲ್ಲಿ ಅವನು ವಾರಕ್ಕೆ ನಾಲ್ಕು ಸಲ ನಡುರಾತ್ರಿಯಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದನಷ್ಟೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾವು ತಾಯಿಯವರನ್ನು ಆ ಬ್ಲೇಡುಗಳ ವಿಷಯ ಕೇಳಿದೆವು. ಅವರು ಸಾರು ಬಡಿಸುತ್ತಿದ್ದವರು ಸೌಟನ್ನು ಕೆಳಗಿಟ್ಟರು. 2006ರಲ್ಲಿ ನಮ್ಮ ಅಕ್ಕನ ಮದುವೆ. ಅದೇ ವರ್ಷ ನಮಗೆ ಬಿ.ಎಡ್. ತರಗತಿಗೆ ಹಣ ಕಟ್ಟಬೇಕಾಗಿತ್ತು. ತರಕಾರಿಯ ಬಾಡಿಗೆಯಿಂದ ಎರಡೂ ಆಗುವಂತಿರಲಿಲ್ಲ. ಆಗ ತಂದೆಯವರು ಎರಡು ಬ್ಲೇಡು ಕೂಡಿಸಿಕೊಂಡು, ಹಗಲು ತರಕಾರಿ, ರಾತ್ರಿ ಕಲ್ಲು ಎಂದು ಎಂಟು ತಿಂಗಳು ದುಡಿದರಂತೆ. ಮಕ್ಕಳಿಗೆ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದರಂತೆ. ಆ ದಿನಗಳಲ್ಲಿ ಅವರು ಬೆಳಗಿನ ಜಾವ ಬಂದು ಸೊಂಟಕ್ಕೆ ಬಿಸಿನೀರು ಹಾಕಿಸಿಕೊಳ್ಳುತ್ತಿದ್ದುದು ನಮಗೆ ನೆನಪಿದೆ. ವಯಸ್ಸಾಯಿತೆಂದುಕೊಂಡಿದ್ದೆವು. ಆಗ ಅವರಿಗೆ ನಾಲ್ವತ್ತೊಂಬತ್ತು.

ನಾವು ದಂಡದ ಲೆಕ್ಕವನ್ನೂ ಇಲಿನಾಯಿಯ ಪರೀಕ್ಷೆಯನ್ನೂ ಒಪ್ಪಿಸಿದ್ದು ನೆನಪಾಗಿ ನಾಚಿಕೆಯಾಯಿತು. ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದನ್ನು ಹೇಳುವ ವಿದ್ಯೆ ನಮಗೆ ದೊರೆತುದು ಆ ಬ್ಲೇಡಿನ ಮೇಲೆಯೇ. ಕೈ ತೊಳೆದುಕೊಂಡು ಬಂದು ತಮ್ಮನನ್ನು ಕೂರಿಸಿಕೊಂಡು ಸಾಲದ ಚೀಟಿಗಳನ್ನೆಲ್ಲ ತರಿಸಿ ಓದಿದೆವು. ಇದುವರೆಗೆ ಅವುಗಳನ್ನು ನಾವು ಒಮ್ಮೆಯೂ ಕೇಳಿ ನೋಡಿರಲಿಲ್ಲ. ಅರ್ಧವನ್ನು ತಿಂಗಳು ತಿಂಗಳು ನಮ್ಮ ಸಂಬಳದಿಂದ ಕಟ್ಟುವುದೆಂದು ಗೊತ್ತಾಯಿತು. ತಮ್ಮನು, “ಅತ್ತಿಗೆಯನ್ನು ಕೇಳದೆ ಒಪ್ಪಬೇಡ ಅಣ್ಣ” ಎಂದನು. ಅತ್ತಿಗೆಯನ್ನು ಕೇಳಿದ್ದಾಯಿತು. ಮಗಳ ಹೆಸರಿನಲ್ಲಿ ಕೂಡಿಸುತ್ತಿದ್ದ ಹಣವನ್ನು ಎರಡು ವರ್ಷ ಅರ್ಧಕ್ಕೆ ಇಳಿಸಬೇಕಾಗುವುದೆಂದು ಅವರು ಲೆಕ್ಕ ಹಾಕಿ ಹೇಳಿ, ಒಪ್ಪಿದರು.

ಸಾಹೇಬರ ಕೆಲಸ ನಾಲ್ಕು ದಿನ ನಡೆಯಿತು. ಹೊರಗಿನಿಂದ ಬಂದಿದ್ದ ಬ್ಲೇಡುಗಳನ್ನು ತೆಗೆದುಹಾಕಿದರು. ಮುರಿದುದರ ಜಾಗಕ್ಕೂ, ಎರಡು ಕಡೆಯ ಮೇನ್ ಬ್ಲೇಡುಗಳಿಗೂ ಹೊಸದನ್ನು ತರಿಸಿದರು. ಒಂದು ಕಡೆ ಬದಲಾಯಿಸಿದ್ದನ್ನು ಇನ್ನೊಂದು ಕಡೆಯೂ ಬದಲಾಯಿಸಬೇಕು. ಇಲ್ಲವಾದರೆ ಲಾರಿ ಮತ್ತೆ ವಾಲುವುದು. ಮಿಕ್ಕ ಬ್ಲೇಡುಗಳ ತುಕ್ಕನ್ನು ಉಜ್ಜಿ, ಬಿರುಕಿಲ್ಲವೆಂದು ನೋಡಿ, ಎರಡು ಆಧಾರಗಳ ಮೇಲೆ ತಗ್ಗುಮೈ ಮೇಲಾಗಿ ಇರಿಸಿ, ತುದಿಯಿಂದ ತುದಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಒತ್ತುಯಂತ್ರದಲ್ಲಿ ಬಾಗಿಸಿದರು. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಬಿಲ್ಲಿನ ಗೆರೆಗೆ ಒಂದೊಂದನ್ನೂ ಹಿಡಿದು ಸರಿನೋಡಿದರು.

ಕುಲುಮೆಯಲ್ಲಿ ಕೆಂಪಗೆ ಕಾಸಿ ಬಾಗಿಸಿದರೆ ಬೇಗ ಆಗುವುದಲ್ಲವೆ ಎಂದು ಕೇಳಿದೆವು. ಅವರು ನಕ್ಕರು. ಕಮಾನಿನ ಉಕ್ಕು ಸಿಲಿಕಾನ್ ಮ್ಯಾಂಗನೀಸುಗಳು ಬೆರೆತದ್ದು. ಅದರ ಗುಣವಿರುವುದು ಹದದಲ್ಲಿ. ಕೆಂಪಗೆ ಕಾಸಿ ಸುಮ್ಮನೆ ಆರಲು ಬಿಟ್ಟರೆ ಮೆತ್ತಗಾಗಿ ತಿಂಗಳೊಳಗೆ ಮತ್ತೆ ಬೀಳುವುದು. ನೀರಿನಲ್ಲಿ ಅದ್ದಿಬಿಟ್ಟರೆ ಗಾಜಿನಂತೆ ಒಡೆಯುವುದು. ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಬಿಸಿಯಲ್ಲಿ ತಕ್ಕಷ್ಟು ಹೊತ್ತು ಇರಿಸಿ ಹದ ಕೊಡುವ ಒಲೆಯೂ ಅಳತೆಯೂ ಇದ್ದವರು ಮಾತ್ರ ಅದಕ್ಕೆ ಕೈಹಾಕಬೇಕು. ಬ್ಲೇಡಿಗೆ ವೆಲ್ಡಿಂಗು ಮಾಡುವುದಂತೂ ಸಲ್ಲದು. “ಬಿಸಿ ತೋರಿಸದೆ ಬಾಗಿಸಿದ್ದು ಸ್ವಲ್ಪ ಇಳಿಯುತ್ತದೆ ಮೇಷ್ಟ್ರೆ, ಮುಚ್ಚಿಟ್ಟು ಹೇಳುವುದಿಲ್ಲ. ಕೂಡಿಬಂದಾಗ ಹೊಸ ಸೆಟ್ಟು ಹಾಕಿಸಿ” ಎಂದರು.

ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸು ಸವರಿ, ಹೊಸ ಬುಷ್ಷು, ಹೊಸ ನಡುಬೋಲ್ಟು, ಹೊಸ ಯೂ ಬೋಲ್ಟುಗಳನ್ನು ಹಾಕಿದರು. ಒಮ್ಮೆ ಎಳೆದು ಬಿಗಿದ ಯೂ ಬೋಲ್ಟನ್ನು ಮತ್ತೆ ನಂಬಬಾರದಂತೆ. ಲಾರಿ ತನ್ನ ಗಾಲಿಗಳ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿ ಕೊಟ್ಟು, ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಮತ್ತೆ ಬಂದು ಬಿಗಿಸಿಕೊಂಡು ಹೋಗಬೇಕೆಂದು ಎಚ್ಚರಿಸಿದರು. ಚಾಸಿಯ ಬಿರುಕನ್ನು ಆ ಕೆಲಸ ಬಲ್ಲ ಇನ್ನೊಬ್ಬರಿಂದ ತಟ್ಟೆಯಿಡಿಸಿ ಭದ್ರಪಡಿಸಿದ್ದಾಯಿತು. ಒಟ್ಟು ಖರ್ಚು ಗ್ಯಾರೇಜಿನವರು ಹೇಳಿದುದರ ಮೂರರಷ್ಟಾಯಿತು. ಮನೆಗೆ ತಂದು ಕಣದಲ್ಲಿ ನಿಲ್ಲಿಸಿ ಅಳೆದಾಗ ಎರಡು ಕಡೆಯೂ ಕೂದಲೆಳೆಯ ಭೇದವಿರಲಿಲ್ಲ.

ಗುತ್ತಿಗೆದಾರನಿಗೆ ತಮ್ಮನೇ ಹೋಗಿ ಇಲ್ಲವೆಂದು ಹೇಳಿ ಬಂದನು. ದ್ರಾಕ್ಷಿಯ ಕಾಲದಲ್ಲಿ ಎರಡು ಸಲದ ಹೊರೆಯನ್ನು ಮೂರು ಸಲವಾಗಿ ಸಾಗಿಸುತ್ತಾನೆ. ಡೀಸೆಲ್ಲು ಹೆಚ್ಚು ಹಿಡಿಯುತ್ತದೆ, ನಿದ್ದೆ ಕಡಿಮೆಯಾಗುತ್ತದೆ. ಅದನ್ನೂ ಇಲ್ಲಿ ಮುಚ್ಚಿಡಲಾರೆವು. ಮುಂದಿನ ಎಫ್.ಸಿ. ಪರೀಕ್ಷೆಯಲ್ಲಿ ಲಾರಿ ತೇರ್ಗಡೆಯಾಯಿತು. ಆರು ತಿಂಗಳ ಮೇಲೆ ಅಳೆದಾಗ ಸಾಹೇಬರು ಹೇಳಿದ್ದಂತೆಯೇ ಎರಡು ಕಡೆಯೂ ಅರ್ಧ ಅಂಗುಲ ಇಳಿದಿತ್ತು, ಆದರೆ ಸಮನಾಗಿಯೇ ಇಳಿದಿತ್ತು. ಸಾಲವು ಇನ್ನೂ ಪೂರ್ತಿ ತೀರಿಲ್ಲ.

ತೆಗೆದುಹಾಕಿದ ಎರಡು ಬ್ಲೇಡುಗಳನ್ನು ಗುಜರಿಗೆ ಹಾಕಲು ತಾಯಿಯವರು ಒಪ್ಪಲಿಲ್ಲ. ಲಾರಿಯ ಬ್ಲೇಡಿನಿಂದ ಒಳ್ಳೆಯ ಮಚ್ಚು ಕುಡುಗೋಲುಗಳಾಗುವುದನ್ನು ಹಳ್ಳಿಯವರೆಲ್ಲ ಬಲ್ಲರು. ಒಂದನ್ನು ಕಮ್ಮಾರರಿಗೆ ಕೊಟ್ಟು ಎರಡು ಕುಡುಗೋಲುಗಳನ್ನೂ, ಅಡಿಗೆಮನೆಯ ಈಳಿಗೆಮಣೆಗೆ ಒಂದು ಅಲಗನ್ನೂ ಮಾಡಿಸಿದರು. ಇನ್ನೊಂದು ಹಾಗೆಯೇ ಹಿತ್ತಲ ಗೋಡೆಗೆ ಒರಗಿಕೊಂಡಿದೆ. ನಾವು ಊರಿಗೆ ಹೋದಾಗ ಆ ಈಳಿಗೆಮಣೆಯಲ್ಲಿ ಹೆಚ್ಚಿದ ಹುರುಳಿಕಾಯಿಯ ಪಲ್ಯವನ್ನು ಉಣ್ಣುತ್ತೇವೆ. ತಾಯಿಯವರು ಅದನ್ನು ತೊಳೆದು ಒರೆಸಿ, ತುಕ್ಕು ಹಿಡಿಯದಂತೆ ಒಂದು ತೊಟ್ಟು ಎಣ್ಣೆ ಸವರಿ, ಮಕ್ಕಳ ಕೈಗೆ ಎಟುಕದ ಗೂಡಿನಲ್ಲಿ ಇಡುತ್ತಾರೆ.